ಚಾಂದ್‌ಬೀಯ ಡಬ್ಬಿ, ಬರ್ಫಿನ ಕಲ್ಲಂಗಡಿ

೧.
ಈ ಕಥೆಯನ್ನು ಎಲ್ಲಿಂದ ಶುರು ಮಾಡಲಿ, ನೀವೇ ಹೇಳಿ. ಮಸ್ಕಿಯ ಬಿಸಿಲಿನಿಂದಲೇ? (ಬಿಸಿಲು ಎಂದ ಕೂಡಲೇ ನೀವು ಪುಟ ತಿರುವುತ್ತೀರಿ. ನಮ್ಮ ಕಡೆಯ ಕಥೆಗಾರರಿಗೆ ಬೇರೆ ಹವಾಮಾನವೇ ಗೊತ್ತಿಲ್ಲ.) ಬೇಡ, ಡಬ್ಬಿಯಿಂದ ಶುರು ಮಾಡೋಣ.

ನೀಲಿ ಮುಚ್ಚಳದ ಡಬ್ಬಿ. ಒಳಗೆ ಬರ್ಫಾದ, ಅಂದರೆ ಮಂಜುಗಡ್ಡೆಯಂತೆ ಗಟ್ಟಿಯಾದ ಕಲ್ಲಂಗಡಿ ಹೋಳು. ಅದನ್ನು ಎದೆಗವಚಿಕೊಂಡು ಯಶೋಧರಾ ಓಣಿ ದಾಟುತ್ತಿದ್ದಾಳೆ. ಮನೆಯಲ್ಲಿ ತಾಯಿ ಬಸ್ಸಮ್ಮ ಜ್ವರ ಬಿಟ್ಟರೂ ಎಂಟು ದಿನದಿಂದ ಏನೂ ತಿಂದಿಲ್ಲ. ಏನು ಕೊಟ್ಟರೂ "ಮಣ್ಣು ತಿಂದಂಗ ಆಗ್ತದ" ಎನ್ನುತ್ತಾಳೆ. ತಣ್ಣಗೆ ಹಣ್ಣಿನ ರಸ ಕೊಟ್ಟು ನೋಡಿ, ಸಂಜೆಯೊಳಗೆ ಹೊಟ್ಟೆಗೆ ಏನೂ ಇಳಿಯದಿದ್ದರೆ ಸಿಂಧನೂರಿಗೆ ಒಯ್ದು ಅಡ್ಮಿಟ್ ಮಾಡಿ ಎಂದಿದ್ದಾರೆ ಡಾಕ್ಟರು. ಯಶೋಧರಾಳ ಫ್ರಿಜ್ ಕೆಟ್ಟಿದೆ. ಎದುರುಮನೆಯ ಚಾಂದ್‌ಬೀ ಕೇಳುವ ಮೊದಲೇ ಹಣ್ಣು ಹೆಚ್ಚಿ ತನ್ನ ಫ್ರೀಜರಿನಲ್ಲಿ ಇಟ್ಟಿದ್ದಳು.

೨.
ಇಲ್ಲಿ ಚಾಂದ್‌ಬೀಯ ಬಗ್ಗೆ ಒಂದು ಭಾರಿ ಪ್ಯಾರಾ ಬರೆದಿದ್ದೆ. ಭಾವೈಕ್ಯತೆ, ಸೇತುವೆ, ಇತ್ಯಾದಿ. ಆಕೆಗೆ ಸಿಟ್ಟು ಬಂತು.

"ಕಲ್ಲಂಗಡಿ ಹೆಚ್ಚೀನ್ರಿ ಸರ, ಅಷ್ಟ. ನನ್ನ ಮ್ಯಾಲ ಭಾಷಣ ಮಾಡಬ್ಯಾಡ್ರಿ. ಡಬ್ಬಿ ವಾಪಸ್ ಬರಬೇಕು, ಅದನ್ನ ಬರಕೋರಿ."

ಪ್ಯಾರಾ ಹೊಡೆದುಹಾಕಿದೆ.

೨. (ಮತ್ತೆ)
ಮನೆಗೆ ಬಂದ ಯಶೋಧರಾ ಹೋಳನ್ನು ಮಿಕ್ಸರಿಗೆ ಹಾಕಿದಳು. ಕರೆಂಟ್ ಹೋಯಿತು. (ನಾನು ತೆಗೆದದ್ದಲ್ಲ, ನಿಮ್ಮಾಣೆ.) ಬರ್ಫು ನೀರಾಗತೊಡಗಿತು. ಹಿತ್ತಿಲಿಗೆ ಓಡಿ, ಎಲ್ಲವನ್ನೂ ಕಲ್ಲಿನ ಒಳ್ಳಿಗೆ (ಒರಳಿಗೆ) ಸುರಿದು ಕುಟ್ಟಿದಳು. ಬೆಲ್ಲ ಹಾಕಿದಳು, ನಿಂಬೆಹಣ್ಣು ಹಿಂಡಿದಳು. ಗಡಿಬಿಡಿಯಲ್ಲಿ ಒಂದು ಮರೆತಳು: ನಿನ್ನೆ ಅದೇ ಒಳ್ಳಿನಲ್ಲಿ ಕೆಂಪುಖಾರ ಅರೆದಿದ್ದಳು.

೪.
(ಮೂರರಲ್ಲಿ ಬಸ್ಸಮ್ಮನನ್ನು ಸಾಯಿಸಿದ್ದೆ. ಕರುಳು ಹಿಂಡುವ ಸಾವು, ಬಹುಮಾನ ಗ್ಯಾರಂಟಿ. "ನಿನ್ನ ಬಹುಮಾನಕ್ಕ ಬೆಂಕಿ ಹಚ್ಚ! ನಾ ಯಾಕ ಸಾಯ್ಲಿ?" ಎಂದಳು. ನ್ಯಾಯವಾದ ಮಾತು. ಮೂರನ್ನು ಹರಿದೆ.)

ಬಸ್ಸಮ್ಮ ಒಂದು ಗುಟುಕು ಕುಡಿದು ಮುಖ ಹಿಂಡಿದಳು.

"ಏನಬೇ ಇದು, ಖಾರ ಹತ್ತಾಕತ್ತೈತಿ! ಒಳ್ಳು ತೊಳೀಲಾರ್ದ ಕುಟ್ಟೀಯೇನು?"

ತಪ್ಪಾಯಿತು ಎನ್ನಲು ಬಾಯಿ ತೆರೆದ ಯಶೋಧರಾ ಗಕ್ಕನೆ ನಿಂತಳು. "ಎವ್ವಾ, ಖಾರ ಗೊತ್ತಾತೇನು?"

"ಗೊತ್ತಾಗಂಗಿಲ್ಲೇನು? ನಾಲಿಗಿ ಚುರ್ ಅಂತು." ಬೈಯುತ್ತಲೇ ಎರಡನೆಯ ಗುಟುಕು. "ಸಿಹಿನೂ ಐತಿ ಬಿಡು. ಇನ್ನಷ್ಟು ಹಾಕು."

ಯಶೋಧರಾ ಅಳುತ್ತಲೇ ಲೋಟ ತುಂಬಿದಳು. (ಕಥೆಗಾರ ಅಳಬಾರದೆಂದು ರೂಲ್ಸ್ ಇದೆ. ಇರಲಿ.)

೫.
ಅಂತ್ಯ ಒಂದು: ಇಲ್ಲಿಗೇ ಮುಗಿಸುವುದು. ಅಂತ್ಯ ಎರಡು: ಕರೆಂಟ್ ಬರುತ್ತದೆ, ಫ್ಯಾನ್ ತಿರುಗುತ್ತದೆ. ತೀರಾ ಸಿನಿಮಾ.

ಆದದ್ದು ಇಷ್ಟು. ಯಶೋಧರಾ ಡಬ್ಬಿ ತೊಳೆದು ಹೊರಟಾಗ ಒಳಗಿನಿಂದ ಬಸ್ಸಮ್ಮ ಗದರಿದಳು: "ಖಾಲಿ ಡಬ್ಬಿ ಯಾರರ ವಾಪಸ್ ಕೊಡ್ತಾರೇನಬೇ? ಶೇಂಗಾ ಚಟ್ನಿ ತುಂಬು!"

ಎದುರುಮನೆ ಬಾಗಿಲಲ್ಲಿ ಯಶೋಧರಾ, "ಅಕ್ಕಾ, ನಿಮ್ಮಿಂದ ನಮ್ಮವ್ವ…" ಎಂದಷ್ಟೇ ಹೇಳಿದಳು. ಥ್ಯಾಂಕ್ಸ್ ಎಂಬ ಮಾತು ಸಣ್ಣದಾಯಿತು. ಚಾಂದ್‌ಬೀ ಮುಚ್ಚಳ ತೆಗೆದು ಮೂಸಿದಳು. "ಬಸ್ಸಮ್ಮ ಹೇಳಿ ಕಳಿಸ್ಯಾಳೇನು? ಹಂಗಾರ ಆರಾಮ ಆಗ್ಯಾಳ ಬಿಡು."

ಚಾಂದ್‌ಬೀಯೂ ಖಾಲಿ ಕಳಿಸುವವಳಲ್ಲ. ಮರುದಿನ ಡಬ್ಬಿಯಲ್ಲಿ ಮಾವಿನ ಹೋಳು ಬಂತು. ಇಲ್ಲಿಂದ ಹಪ್ಪಳ ಹೋಯಿತು. ಡಬ್ಬಿ ಖಾಲಿ ಹೋದ ದಿನ ಕಥೆ ಮುಗಿಸೋಣವೆಂದು ಪೆನ್ನು ಹಿಡಿದು ಕೂತಿದ್ದೇನೆ. ಈಗಷ್ಟೇ ಓಣಿಯಾಚೆಯಿಂದ ಕೂಗು:

"ಏ ಯಶೋಧರಾ, ಡಬ್ಬಿ ಒಯ್ಯಾಕ ಬಾ, ಬರ್ಫ ಕರಗಾಕತ್ತೈತಿ!"