ಹೂಂ ಅಂದದ್ದು ಯಾರಿಗೆ

"ಮೇನ್ ಆಫ್ ಮಾಡಿದ್ದೀರಲ್ಲ?" ಏಣಿಯ ತುದಿಯಿಂದ ಅವನು ಕೇಳಿದ.

"ಮಾಡಿದ್ದೀನಿ" ಅಂದಳು ಅವಳು. ಸುಳ್ಳೇನಲ್ಲ. ಗೋಡೆಯ ಮೇಲಿನ ಮೇನ್ ಸ್ವಿಚ್ಚಿನ ಹಿಡಿ ಕೆಳಗೇ ಇತ್ತು. ಆದರೆ ಅವಳ ಬಲಗೈ ಆ ಹಿಡಿಯ ಮೇಲೆಯೇ ಇತ್ತು. ಒಂದು ಸಲ ಮೇಲಕ್ಕೆ ತಳ್ಳಿದರೆ ಸಾಕು, ಮನೆಗೆಲ್ಲ ಕರೆಂಟು. ಅವನು ಇವಳಿಗೆ ಬೆನ್ನು ಹಾಕಿ, ಫ್ಯಾನಿನ ಬುಡದ ಎರಡೂ ತಂತಿಗಳನ್ನು ಬರಿಗೈಯಲ್ಲಿ ಹಿಡಿದು ನಿಂತಿದ್ದ. ಕಬ್ಬಿಣದ ಏಣಿ. ಕಾಲಲ್ಲಿ ಚಪ್ಪಲಿಯೂ ಇಲ್ಲ. ಹೊಲಿದಿಟ್ಟ ಪರದೆಗಳಿಗೆ ಧೂಳು ತಾಗಬಾರದೆಂದು ಬಾಗಿಲಲ್ಲೇ ಬಿಟ್ಟು ಬರುವುದು ಅವನ ರೂಢಿ.

ಫ್ಯಾನು ತಾನಾಗಿ ಕೆಟ್ಟದ್ದಲ್ಲ. ಬೆಳಿಗ್ಗೆ ಅವಳೇ ಏಣಿ ಹತ್ತಿ ತಂತಿ ಕಿತ್ತಿದ್ದಳು.

ಅವಳ ಬೆನ್ನಿಗೆ ಗಂಡ ನಿಂತಿದ್ದ. ಸತ್ತು ಮೂರು ವರ್ಷವಾಗಿದ್ದ ಗಂಡ.

ಗಂಡ ಲಿಫ್ಟ್ ರಿಪೇರಿ ಮಾಡುತ್ತಿದ್ದ. ಒಂಬತ್ತು ಮಹಡಿಯ ಕಟ್ಟಡವೊಂದರ ಲಿಫ್ಟಿನ ಗುಂಡಿಯಲ್ಲಿ ಇಳಿದು ಕೆಲಸ ಮಾಡುತ್ತಿದ್ದಾಗ ಲಿಫ್ಟು ಮೇಲಿನಿಂದ ಇಳಿದು ಬಂತು. ಮಧ್ಯಾಹ್ನ ಮೂರು ಗಂಟೆ. ಕರೆಂಟು ಆಫ್ ಮಾಡದೆ ಗುಂಡಿಗಿಳಿದದ್ದು ಅವನದೇ ಅಜಾಗರೂಕತೆ ಎಂದು ವಿಚಾರಣೆ ನಡೆಸಿದವರು ಬರೆದುಕೊಟ್ಟರು. ಅತ್ತೆ ಆ ಮಾತನ್ನೇ ನಂಬಿಕೊಂಡಿದ್ದಳು. ಯಾರಾದರೂ ಸಮಾಧಾನ ಹೇಳಲು ಬಂದರೆ, ಅವನು ಮೊದಲಿನಿಂದಲೂ ಅವಸರದವನು, ಹೊಟ್ಟೆಯಿಂದಲೂ ಎಂಟೇ ತಿಂಗಳಿಗೆ ಬಂದ, ಹೋಗುವುದಕ್ಕೂ ಕಾಯಲಿಲ್ಲ ಎನ್ನುತ್ತಿದ್ದಳು. ಅತ್ತೂ ಅತ್ತೂ ಅವಳ ಕಣ್ಣು ಹೋಯಿತೆಂದು ನೆರೆಯವರು ಹೇಳುತ್ತಿದ್ದರು. ಪೊರೆ ಬಂದದ್ದು ಎಂದು ಡಾಕ್ಟರು ಹೇಳಿದ್ದರು.

ಹದಿನೈದನೇ ದಿನದಿಂದ ಗಂಡ ಬರತೊಡಗಿದ. ಮಧ್ಯಾಹ್ನ ಮೂರಕ್ಕೆ ಗ್ರೀಸಿನ ವಾಸನೆ ಮೊದಲು, ಅವನು ಆಮೇಲೆ. ಹೊಲಿಗೆ ಮೆಶಿನ್ನಿನ ಪಕ್ಕ ನಿಂತು ಅವಳನ್ನೇ ನೋಡುತ್ತಿದ್ದ. ಮಾತಿಲ್ಲ. ಅವಳಿಗೆ ಹೆದರಿಕೆಯಾಗಲಿಲ್ಲ. ಸತ್ತವನು ಬಂದ ಎನ್ನುವುದಕ್ಕಿಂತ ಮನೆಯವನು ಬಂದ ಎನ್ನುವುದೇ ದೊಡ್ಡದಾಗಿತ್ತು. ಕೆಲವು ದಿನ ಅವನು ಬಾಗಿ ಕತ್ತಿನ ಹತ್ತಿರ ಉಸಿರು ಬಿಟ್ಟಂತಾಗಿ ಸೂಜಿ ತಪ್ಪಿ ಬೆರಳಿಗೆ ಚುಚ್ಚುತ್ತಿತ್ತು. ಅವಳು ದಿನವೂ ಒಂದೇ ಪ್ರಶ್ನೆ ಕೇಳುತ್ತಿದ್ದಳು: "ಇನ್ನೂ ಕೋಪನಾ?" ಅವನು ಉತ್ತರಿಸುತ್ತಿರಲಿಲ್ಲ.

ಆ ಪ್ರಶ್ನೆಯ ಹಿಂದೆ ಯಾರಿಗೂ ಹೇಳದ ಸಂಗತಿಯೊಂದಿತ್ತು. ಅವನು ಸತ್ತ ಬೆಳಿಗ್ಗೆ ಇಬ್ಬರೂ ಜಗಳವಾಡಿದ್ದರು. ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಅಂತಾರೆ. ಇವರದು ಅಲ್ಲಿಯವರೆಗೂ ಬರಲಿಲ್ಲ. ಮಧ್ಯಾಹ್ನ ಮನಸ್ಸು ತಡೆಯದೆ ಅವಳು ಅವನ ಮೊಬೈಲಿಗೆ ಫೋನು ಮಾಡಿದಳು. ಎತ್ತಿಕೊಂಡವನು ಕೆಲಸದ ಜೊತೆಗಾರ. ಅವರು ಇನ್ನೂ ಕೋಪದಲ್ಲಿದ್ದಾರಾ ಎಂದು ಕೇಳಿದಳು. "ಹೂಂ" ಎಂದು ಕೇಳಿಸಿತು. ಹಾಗಿದ್ದರೆ ಇರಲಿ ಎಂದು ಸಿಟ್ಟಿನಿಂದ ಫೋನು ಕುಕ್ಕಿದಳು. ಅವನು ತನ್ನ ಮೇಲೆ ಮುನಿದೇ ಸತ್ತ ಎಂಬುದು ಮೂರು ವರ್ಷ ಅವಳ ಗಂಟಲಲ್ಲಿ ಮೀನಿನ ಮುಳ್ಳಾಗಿ ನಿಂತಿತ್ತು.

ಆ ಜೊತೆಗಾರನೇ ಈಗ ಏಣಿಯ ಮೇಲಿದ್ದವನು. ಸಾವಿನ ಮನೆಗೆ ಬಂದವನು ಬರುತ್ತಲೇ ಉಳಿದ. ಭಾನುವಾರ ತಪ್ಪಿದರೂ ಅವನು ತಪ್ಪುತ್ತಿರಲಿಲ್ಲ. ನಲ್ಲಿ ಸೋರಿದರೆ, ಮೆಶಿನ್ನಿನ ಬೆಲ್ಟು ಹರಿದರೆ, ಅತ್ತೆಯ ಕಣ್ಣಿನ ಔಷಧಿ ಮುಗಿದರೆ ಅವನೇ. "ಅತ್ತಿಗೆ" ಎಂದು ಕರೆಯುತ್ತಿದ್ದವನು ಈಚೆಗೆ ಏನೂ ಕರೆಯದೆ ಮಾತಾಡತೊಡಗಿದ್ದ. ಅವಳೂ ಅದನ್ನು ಗಮನಿಸಿದ್ದಳು, ಭಾನುವಾರ ತಲೆ ಬಾಚುವಾಗ ಒಂದು ಗಳಿಗೆ ಹೆಚ್ಚೇ ಕನ್ನಡಿ ಮುಂದೆ ನಿಲ್ಲುತ್ತಿದ್ದಳು. ಹೋದ ಭಾನುವಾರ ಅವನು ಅತ್ತೆಯ ಕಾಲ ಬಳಿ ಕೂತು ಮದುವೆಯ ಮಾತೆತ್ತಿದ. ಅತ್ತೆ ಸೊಸೆಯನ್ನು ಕರೆದು, ನಾನೇನು ನೂರು ವರ್ಷ ಇರ್ತೀನಾ, ಯೋಚನೆ ಮಾಡು ಅಂದಳು.

ಅದೇ ಹೊತ್ತಿಗೆ ಗಂಡ ಬಂದ. ಬೇರೆಯವರು ಇದ್ದಾಗ ಅವನು ಬಂದದ್ದು ಅದೇ ಮೊದಲು. ಮೆಶಿನ್ನಿನ ಹತ್ತಿರ ಹೋಗಲಿಲ್ಲ. ನೇರ ಗೋಡೆಯ ಬಳಿ ಹೋಗಿ ಮೇನ್ ಸ್ವಿಚ್ಚಿನ ಮೇಲೆ ಬೆರಳಿಟ್ಟು ಜೊತೆಗಾರನನ್ನು ನೋಡುತ್ತ ನಿಂತ. ಟೀ ಕೊಡುತ್ತ ಸುಮ್ಮನೆ ಕೇಳಿದವಳಂತೆ, ಆ ದಿನ ಸ್ವಿಚ್ಚಿನ ಹತ್ತಿರ ಯಾರಿದ್ದರು ಅಂದಳು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ, ಅವನು ಲೋಟ ಕೆಳಗಿಟ್ಟು ಎರಡೂ ಕೈಯನ್ನು ಮಡಿಲಲ್ಲಿ ಬಚ್ಚಿಟ್ಟುಕೊಂಡ.

ಅವಳಿಗೆ ಅಷ್ಟು ಸಾಕಾಯಿತು. ಮೂರು ವರ್ಷ ತನ್ನ ಮನೆಯ ಟೀ ಕುಡಿದವನು, ಸತ್ತವನ ತಲೆಗೇ ತಪ್ಪು ಕಟ್ಟಿ, ಅವನ ಜಾಗದಲ್ಲಿ ಬಂದು ಮಲಗಲು ಹೊರಟಿದ್ದ. ವಾರವಿಡೀ ಅವಳು ಪರದೆಗಳ ಅಂಚು ಹೊಲಿಯುತ್ತ ಜೊತೆಗಾರನ ಸಾವನ್ನೂ ಹೊಲಿದಳು. ಅಳತೆ ತಪ್ಪಲಿಲ್ಲ. ಇಂಥ ಕೆಲಸದವರು ಹೀಗೇ ಸಾಯುವುದು, ಜನ ಒಂದು ಮಾತೂ ಆಡರು. ಅವನಿಗಾಗಿ ಬಾಚಿಕೊಳ್ಳುತ್ತಿದ್ದ ತಲೆಯನ್ನು ಈ ಭಾನುವಾರ ಅವಳು ಬಾಚಲಿಲ್ಲ.

ಈಗ ಅವಳ ಬಲಗೈಯ ಮೇಲೆ ಇನ್ನೊಂದು ಕೈ ಕೂತಿತು. ಒದ್ದೆ ಕಬ್ಬಿಣದಷ್ಟು ತಣ್ಣಗಿನ ಕೈ. ಮೇಲಕ್ಕೆ, ಮೇಲಕ್ಕೆ ಎಂದು ಅದು ಒತ್ತುತ್ತಿತ್ತು.

"ಟೆಸ್ಟರು ಜೇಬಲ್ಲೇ ಇದೆ" ಎಂದ ಅವನು, ತಿರುಗಿ ನೋಡದೆ. "ಬೇಕಂತಲೇ ತೆಗೀಲಿಲ್ಲ. ಈ ತಂತಿ ಸವೆದು ಬಿಟ್ಟದ್ದಲ್ಲ, ಯಾರೋ ಕಿತ್ತದ್ದು ಅಂತ ನೋಡಿದ ಕೂಡಲೇ ಗೊತ್ತಾಯ್ತು. ಒಂದು ಮಾತು ಹೇಳಿಬಿಡ್ತೀನಿ, ಆಮೇಲೆ ನಿಮ್ಮಿಷ್ಟ."

ಅವಳ ಕೈ ಹಿಡಿ ಬಿಡಲಿಲ್ಲ.

"ಆವತ್ತು ಅವನು ಗುಂಡಿಯಿಂದ ಕೂಗಿ ಕೇಳ್ದ, ಆಫ್ ಮಾಡಿದ್ಯಾ ಅಂತ. ನಾನು ಹೂಂ ಅಂದೆ. ಮಾಡಿರಲಿಲ್ಲ. ಕೈಯಲ್ಲಿ ಅವನ ಫೋನಿತ್ತು. ಅದರಲ್ಲಿ ನೀವಿದ್ರಿ. ನಿಮ್ಮ ದನಿ ಕೇಳ್ತಾ ನಿಂತಿದ್ದೆ. ಒಂದು ನಿಮಿಷ ಆದ್ಮೇಲೆ ಮಾಡಿದ್ರಾಯ್ತು ಅಂದ್ಕೊಂಡೆ."

"ನಾನೇನು ಕೇಳ್ತಿದ್ದೆ ಆವಾಗ?" ಅವಳ ದನಿ ಅವಳಿಗೇ ಗುರುತು ಸಿಗಲಿಲ್ಲ.

"ಅವನಿಗೆ ಇನ್ನೂ ಕೋಪ ಇದೆಯಾ ಅಂತ. ಅದಕ್ಕೆ ನಾನು ಉತ್ತರವೇ ಕೊಡಲಿಲ್ಲ, ಅಷ್ಟರಲ್ಲಿ ನೀವು ಇಟ್ಟುಬಿಟ್ರಿ. ಅವನಿಗೆಲ್ಲಿಯ ಕೋಪ? ಬೆಳಿಗ್ಗೆಯಿಂದ ಜಗಳದ ಕಥೆ ಹೇಳಿ ಹೇಳಿ ನಗ್ತಿದ್ದ. ಸಂಜೆ ಬೇಗ ಹೋಗಿ ಕ್ಷಮೆ ಕೇಳ್ತೀನಿ ಅಂದಿದ್ದ."

ಅವಳು ಆ ಹೂಂ ಅನ್ನು ಮತ್ತೆ ಕೇಳಿದಳು. ಮೂರು ವರ್ಷದಲ್ಲಿ ಸಾವಿರ ಸಲ ಕೇಳಿದ್ದ ಅದೇ ಹೂಂ. ಅದು ಗುಂಡಿಯಲ್ಲಿದ್ದವನಿಗೆ ಅಂದದ್ದು; ಗಂಡನನ್ನು ಕೊಂದ ಮಾತು ಅವಳ ಕಿವಿಗೇ ಬಿದ್ದಿತ್ತು. ಅವಳು ಅದನ್ನು ತನಗೆಂದು ತೆಗೆದುಕೊಂಡು ಮುನಿದಿದ್ದಳು.

ಮೇಲಿನ ಕೈ ಈಗ ಬಲವಾಗಿ ಎತ್ತುತ್ತಿತ್ತು. ಹಿಡಿ ಅರ್ಧ ಬೆರಳಷ್ಟು ಮೇಲೆ ಸರಿಯಿತು. ಅವಳು ಮೊಣಕೈ ಬಿಗಿಮಾಡಿ ತಡೆದಳು. ಬದುಕಿದ್ದಾಗ ಪ್ರೀತಿಯಿಂದ ಎತ್ತಿಕೊಂಡಿದ್ದ ತೋಳು ಅದು, ಅದರ ಬಲ ಅವಳಿಗೆ ಗೊತ್ತು. ಸೋಲುತ್ತೇನೆ ಅನ್ನಿಸಿದಾಗ ಎಡಗೈ ಚಾಚಿ ಏಣಿಯ ಕಬ್ಬಿಣದ ಕಾಲನ್ನು ಭದ್ರವಾಗಿ ಹಿಡಿದುಕೊಂಡಳು.

"ಕೇಳಿಸ್ತಲ್ಲ" ಎಂದಳು, ಬೆನ್ನ ಹಿಂದಿದ್ದವನಿಗೆ ಮಾತ್ರ ಕೇಳಿಸುವಷ್ಟು ಮೆಲ್ಲಗೆ. "ಆವತ್ತು ಫೋನಲ್ಲಿ ಮಾತಾಡಿದವಳು ನಾನು. ಎತ್ತೋದಾದ್ರೆ ಎತ್ತಿ. ಇಬ್ಬರೂ ಬರ್ತೀವಿ."

ಎಷ್ಟು ಹೊತ್ತೋ. ಹೊರಗೆ ಬೀದಿಯಲ್ಲಿ ಯಾರೋ ಸೈಕಲ್ಲಿನ ಗಂಟೆ ಹೊಡೆಯುತ್ತ ಹೋದರು. ಕೈಯ ಭಾರ ಒಂದೊಂದೇ ಬೆರಳಾಗಿ ಕಡಿಮೆಯಾಯಿತು. ಕೊನೆಯ ಬೆರಳು ಅವಳ ಮಣಿಕಟ್ಟನ್ನು ಒಂದು ಸಲ ಸವರಿ ಬಿಟ್ಟಿತು. ಗ್ರೀಸಿನ ವಾಸನೆ ಹೋಗಿ ಕೋಣೆಯಲ್ಲಿ ಹೊಸ ಬಟ್ಟೆಯ ವಾಸನೆ ಉಳಿಯಿತು. ಅವಳು ಹಿಂತಿರುಗಿ ನೋಡಲಿಲ್ಲ. ಹಿಡಿಯನ್ನು ಪೂರ್ತಿ ಕೆಳಕ್ಕೆ ಒತ್ತಿದಳು.

"ಇಳೀರಿ" ಎಂದಳು.

ಅವನು ಇಳಿದ. ಮುಖ ಬೆವರಿನಿಂದಲೋ ಅಳುವಿನಿಂದಲೋ ತೊಯ್ದಿತ್ತು. ಕೈ ಮುಗಿಯಲು ಹೊರಟವನನ್ನು ಅವಳು ತಡೆದಳು.

"ನನಗೆ ಬೇಡ. ಒಳಗೆ ಹೆತ್ತವಳು ಕೂತಿದ್ದಾರೆ. ಮಗನದೇ ತಪ್ಪು ಅಂತ ಮೂರು ವರ್ಷ ನಂಬಿದ್ದಾರೆ. ಈಗ ಹೇಳಿದ್ದನ್ನ ಒಂದಕ್ಷರ ಬಿಡದೆ ಅವರಿಗೆ ಹೇಳಿ. ನಾಳೆ ವಿಚಾರಣೆ ಮಾಡಿದವರ ಮುಂದೆ ಹೋಗಿ ಹೇಳಿ, ಬರೆದದ್ದನ್ನ ಅವರು ತಿದ್ದಲಿ. ಸುಲಭವಾಗಿ ಸತ್ತುಹೋಗೋದಕ್ಕೆ ನಾನು ಬಿಡಲ್ಲ."

"ಆಮೇಲೆ?" ಅವನು ಕೇಳಿದ.

"ಆಮೇಲಿನದು ಆಮೇಲೆ."

ಅವನು ಒಳಗೆ ಹೋದ. ಅವಳು ಅಲ್ಲೇ ನಿಂತು ಕೇಳಿದಳು. ಅವನ ದನಿ ತಗ್ಗಿ, ತೊಡರಿ, ಮತ್ತೆ ನಡೆಯಿತು. ಗುಂಡಿ ಎಂದ. ಫೋನು ಎಂದ. ಅವಳ ಪಾಲನ್ನು ಬಿಟ್ಟುಬಿಡಲು ನೋಡಿದಾಗ ಅವಳು ಇಲ್ಲಿಂದಲೇ, "ಅದನ್ನೂ ಹೇಳಿ" ಎಂದಳು. ಅದನ್ನೂ ಹೇಳಿದ.

ಅವಳು ಬಾಗಿಲಿಗೆ ಬಂದು ನಿಂತಳು. ಅವನು ಮಂಚದ ಮುಂದೆ ಮೊಣಕಾಲೂರಿ ಕೂತಿದ್ದ. ಮುದುಕಿ ಬಲಗೈಯನ್ನು ಮೇಲೆತ್ತಿದ್ದಳು. ಕಾಣದ ಕಣ್ಣನ್ನು ಅಗಲ ತೆರೆದು, ಆ ಕೈಯಿಂದ ಗಾಳಿಯಲ್ಲಿ ಅವನ ಕೆನ್ನೆ ಎಲ್ಲಿದೆಯೆಂದು ಹುಡುಕುತ್ತಿದ್ದಳು.