ಹನ್ನೆರಡು ಬಣ್ಣದ ಡಬ್ಬಿ

ಸರ್ಕಾರಿ ಶಾಲೆ ಎಂದರೆ ಪುಕ್ಕಟೆ ಎಂದು ಯಾರೋ ಪುಣ್ಯಾತ್ಮರು ಹೇಳಿದ್ದನ್ನು ನಂಬಿ ಪೇಂಟರ್ ತನ್ನ ಮಗಳನ್ನು ಒಂದನೇ ಕ್ಲಾಸಿಗೆ ಸೇರಿಸಿದ್ದ. ಪುಕ್ಕಟೆಯೇನೋ ಹೌದು, ಆದರೆ ಆ ಪುಕ್ಕಟೆಯ ಹಿಂದೆ ದೊಡ್ಡ ಮೆರವಣಿಗೆಯೇ ಇತ್ತು. ಮೊದಲು ಯೂನಿಫಾರ್ಮ್ ಬಂತು, ಅದರ ಬೆನ್ನಿಗೇ ಬೂಟು, ಬೂಟಿಗೆ ತಕ್ಕ ಸಾಕ್ಸು. ಪರೀಕ್ಷೆ ಫೀಸು ಕಟ್ಟಿ ಉಸ್ಸೆನ್ನುವಷ್ಟರಲ್ಲಿ ಕುಡಿಯುವ ನೀರಿನ ಫಿಲ್ಟರಿಗೆಂದು ಇನ್ನೊಂದು ಫೀಸು. ಪ್ರತಿ ಸಲ ಕಟ್ಟಿ ಬಂದಾಗಲೂ ಅವನು ಹೆಂಡತಿಯ ಮುಂದೆ, "ಇನ್ನು ಆ ಶಾಲೆಯೋರು ಕೇಳೋದಕ್ಕೆ ಏನೂ ಉಳಿದಿಲ್ಲ ಬಿಡು" ಎನ್ನುತ್ತಿದ್ದ. ಆಸ್ಪತ್ರೆಯ ಲಾಂಡ್ರಿಯಲ್ಲಿ ದಿನವಿಡೀ ದುಡಿದು ಬಂದ ಅವಳು ಮೂಗು ಮುರಿದು, "ನಿಮ್ಮ ಬಾಯಿಗೆ ಸಕ್ಕರೆ ಹಾಕ" ಎನ್ನುತ್ತಿದ್ದಳು.

ಅವನ ನಿಜವಾದ ಚಿಂತೆ ಫೀಸಿನದಲ್ಲ, ಮಗಳದು. ಅವಳನ್ನು ಮನೆಯಲ್ಲಿ ಪುಟ್ಟಿ ಎಂದೇ ಕರೆಯುವುದು. ಗೋಡೆಗೆ ಮೆತ್ತುವುದೂ ಪುಟ್ಟಿ, ಕೊರಳಿಗೆ ಜೋತುಬೀಳುವುದೂ ಪುಟ್ಟಿ, ಎರಡೂ ಒಮ್ಮೆ ಅಂಟಿದರೆ ಬಿಡುವುದಿಲ್ಲ ಎಂದು ಅವನೇ ನಗುತ್ತಿದ್ದ. ಮನೆಯಲ್ಲಿ ಅರಳು ಹುರಿದಂತೆ ಮಾತಾಡುವ ಈ ಹುಡುಗಿ ಶಾಲೆಯ ಗೇಟು ದಾಟಿದರೆ ತುಟಿ ಪಿಟಕ್ಕೆನ್ನುತ್ತಿರಲಿಲ್ಲ. ಹಾಜರಿ ಕೂಗಿದಾಗ ಕೈ ಎತ್ತುವಳು, ಅಷ್ಟೇ. ಕ್ಲಾಸಿನವರೆಲ್ಲ ಅವಳಿಗೆ ಮೌನಗೌರಿ ಎಂದು ಹೆಸರಿಟ್ಟುಬಿಟ್ಟಿದ್ದರು.

ಒಂದು ದಿನ ಟೀಚರ್ ಅವನನ್ನು ಕರೆಸಿ ಮೆತ್ತಗೆ ಹೇಳಿದ್ದರು. "ನೋಡಿ, ನಿಮ್ಮ ಮಗಳು ಜಾಣೆನೇ ಇರಬಹುದು. ಬಾಯೇ ಬಿಡದಿದ್ರೆ ಓದೋಕೆ ಬರುತ್ತೋ ಇಲ್ವೋ ನಂಗೆ ಹೇಗೆ ಗೊತ್ತಾಗ್ಬೇಕು? ಹೀಗೇ ಇದ್ರೆ ಬರೋ ವರ್ಷಾನೂ ಒಂದನೇ ಕ್ಲಾಸಲ್ಲೇ ಕೂರಿಸ್ಬೇಕಾಗುತ್ತೆ."

ಆ ಮಾತು ಕೇಳಿದ ಮೇಲೆ ಅವನಿಗೆ ಊಟ ಸೇರದಾಯಿತು. ಎತ್ತರದ ಏಣಿಯ ಮೇಲೆ ನಿಂತು ರೋಲರ್ ಎಳೆಯುವಾಗಲೂ ಅದೇ ಯೋಚನೆ. ಗದರಿಸಿ ನೋಡಿದ, ಮುದ್ದು ಮಾಡಿ ನೋಡಿದ. "ಶಾಲೇಲಿ ಯಾಕೆ ಮಾತಾಡಲ್ಲ ಪುಟ್ಟಿ?" ಎಂದರೆ ಅವಳು, "ಅಲ್ಲಿ ನಂಗೆ ಗೊತ್ತಿರೋದನ್ನ ಯಾರೂ ಕೇಳಲ್ಲಪ್ಪ" ಎಂದು ಆಟಕ್ಕೆ ಓಡುವಳು.

ಹೀಗಿರುವಾಗ ಒಂದು ಶನಿವಾರ ಅವಳು ಬ್ಯಾಗನ್ನು ಮೂಲೆಗೆ ಎಸೆದು ಕೂಗಿದಳು. "ಅಪ್ಪಾ, ಸೋಮವಾರ ಎಲ್ರೂ ಹನ್ನೆರಡು ಬಣ್ಣದ ಡಬ್ಬಿ ತರ್ಬೇಕಂತೆ!"

ಪೇಂಟರ್ ತಲೆ ಮೇಲೆ ಕೈ ಇಟ್ಟುಕೊಂಡ. "ಹನ್ನೆರಡಾ? ಒಬ್ಬೊಬ್ಬರೂ ಹನ್ನೆರಡು ತಂದ್ರೆ ಶಾಲೆಗೇನು, ಇಡೀ ಊರಿಗೇ ಬಳೀಬಹುದಲ್ಲೇ!"

"ಹೋದ ಸಲ ಫಿಲ್ಟರ್ ಆಯ್ತು, ಈ ಸಲ ಗೋಡೆಗೆ ಬಣ್ಣ," ಎಂದಳು ಹೆಂಡತಿ. "ಮುಂದಿನ ಸಲ ಇಟ್ಟಿಗೆ ಹೊತ್ಕೊಂಡು ಬನ್ನಿ ಅಂತಾರೆ ನೋಡ್ತಿರಿ."

ಆ ಮನೆಯಲ್ಲಿ ಬಣ್ಣದ ಡಬ್ಬಿ ಎಂದರೆ ಒಂದೇ ಅರ್ಥ: ಮೆಟ್ಟಿಲ ಕೆಳಗೆ ಒಂದರ ಮೇಲೊಂದು ಪೇರಿಸಿಟ್ಟ, ಮುಚ್ಚಳವನ್ನು ಸ್ಕ್ರೂಡ್ರೈವರಿನಿಂದ ಮೀಟಿ ತೆಗೆಯಬೇಕಾದ ತಗಡಿನ ಡಬ್ಬಿ. ಮಕ್ಕಳು ಚಿತ್ರ ಬರೆಯುವ ಕ್ರೆಯಾನುಗಳ ಅಂಗೈಯಗಲದ ಡಬ್ಬಿಯೂ ಲೋಕದಲ್ಲಿದೆ ಎಂಬುದು ಮೂವರಲ್ಲಿ ಒಬ್ಬರಿಗೂ ಹೊಳೆಯಲಿಲ್ಲ. ಯಾವ ಡಬ್ಬಿ ಎಂದು ಟೀಚರನ್ನು ಒಂದು ಮಾತು ಕೇಳಿಕೊಂಡು ಬರೋಣವೆಂದರೆ ಕೇಳಬೇಕಾದವಳು ನಮ್ಮ ಮೌನಗೌರಿ!

ಗೊಣಗುತ್ತಿದ್ದ ಪೇಂಟರಿಗೆ ಮೆಲ್ಲಗೆ ಖುಷಿಯೂ ಆಗತೊಡಗಿತು. ಇಷ್ಟು ದಿನಕ್ಕೆ ಶಾಲೆ ಅವನ ಹತ್ತಿರ ಇರುವುದನ್ನೇ ಕೇಳಿತ್ತು. ಭಾನುವಾರ ಅಪ್ಪ ಮಗಳು ಇಬ್ಬರೂ ಮೆಟ್ಟಿಲ ಕೆಳಗೆ ತೂರಿಕೊಂಡರು. ಕೆಲಸ ಮುಗಿದ ಮೇಲೆ ಉಳಿದ ಬಣ್ಣವನ್ನು ಅವನು ಮನೆಗೆ ತಂದು, ಒಳಗೇನಿದೆ ಎಂದು ತಿಳಿಯಲು ಮುಚ್ಚಳದ ಮೇಲೆ ಅದೇ ಬಣ್ಣದ ಒಂದು ಬೊಟ್ಟು ಇಡುತ್ತಿದ್ದ. ಯಾವ ಕಟ್ಟಡದಲ್ಲಿ ಉಳಿದ ಬಣ್ಣವೋ ಆ ಕಟ್ಟಡದ ಹೆಸರೇ ಅದಕ್ಕೆ. ಪುಟ್ಟಿ ಮಾತು ಕಲಿತದ್ದೇ ಆ ಹೆಸರುಗಳಲ್ಲಿ. ಬರೀ ಹಸಿರು, ಬರೀ ನೀಲಿ ಎಂಬುದು ಅವಳಿಗೆ ಗೊತ್ತೇ ಇರಲಿಲ್ಲ.

ಹನ್ನೊಂದು ಡಬ್ಬಿ ಸಿಕ್ಕಿತು, ಒಂದು ಕಡಿಮೆ ಬಿತ್ತು. ಒಂದು ಖಾಲಿ ಡಬ್ಬಿಗೆ ಒಂದಿಷ್ಟು ಕೆಂಪು ಸುರಿದು, ಬಿಳಿ ಬೆರೆಸಿ ಕೋಲಿನಿಂದ ಕಲಕಿದಾಗ ಸೊಗಸಾದ ಗುಲಾಬಿ ಎದ್ದು ಬಂತು.

"ಇದು ಯಾವ ಮನೇದು ಅಪ್ಪಾ?"

"ಇದಕ್ಕಿನ್ನೂ ಮನೆ ಸಿಕ್ಕಿಲ್ಲ ಪುಟ್ಟಿ. ಸಿಕ್ಕಿದ ಮೇಲೆ ಹೆಸರಿಡೋಣ."

ಸೋಮವಾರ ತರಕಾರಿಯವನ ತಳ್ಳುಗಾಡಿ ಕೇಳಿ ತಂದು, ಡಬ್ಬಿಗಳನ್ನು ಪೇರಿಸಿ, ಮಗಳನ್ನೂ ಮೇಲೆ ಕೂರಿಸಿ, ಪೇಂಟರ್ ಹಿಗ್ಗಿ ಹೀರೇಕಾಯಿಯಾಗಿ ಹೊರಟ. ಒಂದನೇ ಕ್ಲಾಸಿನ ಬಾಗಿಲಲ್ಲಿ ಡಬ್ಬಿಗಳನ್ನು ಇಳಿಸಿ ಸಾಲಾಗಿಟ್ಟು ಬೆನ್ನು ನೆಟ್ಟಗೆ ಮಾಡಿದಾಗ, ಮಗನನ್ನು ಬಿಡಲು ಬಂದಿದ್ದ ಸೆಲೂನಿನವನು ಬಾಯಿ ತೆರೆದು ನೋಡುತ್ತಿದ್ದ.

"ಏನಣ್ಣಾ ಇದು?"

"ಹನ್ನೆರಡು ಬಣ್ಣದ ಡಬ್ಬಿ. ಯಾಕೆ, ನೀನು ತಂದಿಲ್ವಾ?"

ಸೆಲೂನಿನವನು ಮಗನ ಜೇಬಿನಿಂದ ಪುಟ್ಟ ರಟ್ಟಿನ ಡಬ್ಬಿ ತೆಗೆದು ಎತ್ತಿ ಹಿಡಿದ. "ಅಣ್ಣಾ, ಡಬ್ಬಿ ಒಂದೇ. ಬಣ್ಣ ಹನ್ನೆರಡು!"

ಮೊದಲು ನಕ್ಕವನು ಅವನೇ. ಆಮೇಲೆ ಇಡೀ ವರಾಂಡವೇ ಹೊಟ್ಟೆ ಹಿಡಿದುಕೊಂಡು ನಕ್ಕಿತು. ಬೆರಳುಗಳ ಮರೆಯಲ್ಲಿ ಟೀಚರ್ ಕೂಡ ನಗುತ್ತಿದ್ದರು. ನೆಲ ಬಾಯಿ ಬಿಟ್ಟರೆ ಸಾಕೆನ್ನಿಸಿತು ಪೇಂಟರಿಗೆ. ಮೊದಲೇ ಮಾತಾಡದ ಮಗು, ಈಗ ಎಲ್ಲರೂ ನಗುವ ಹಾಗೆ ಮಾಡಿಟ್ಟೆನಲ್ಲ, ಇನ್ನು ಇವಳು ಜನ್ಮದಲ್ಲಿ ಬಾಯಿ ತೆರೆಯುವುದಿಲ್ಲ ಎಂದು ಅವನ ಎದೆ ಒಡೆದುಹೋಯಿತು. "ತಪ್ಪಾಯ್ತು ಟೀಚರ್, ತಗೊಂಡು ಹೋಗ್ತೀನಿ," ಎಂದು ಬಗ್ಗಿ ಮೊದಲ ಡಬ್ಬಿಯ ಹಿಡಿಗೆ ಕೈ ಹಾಕಿದ.

ಅಷ್ಟರಲ್ಲಿ ಸೆಲೂನಿನವನ ಮಗ ಆ ಡಬ್ಬಿಯ ಮುಚ್ಚಳದ ಬೊಟ್ಟನ್ನು ಮುಟ್ಟಿ, "ಇದು ಹಸಿರು," ಎಂದ.

"ಹಸಿರಲ್ಲ!"

ಎಲ್ಲರೂ ತಿರುಗಿ ನೋಡಿದರು. ಪುಟ್ಟಿ ಸೊಂಟದ ಮೇಲೆ ಕೈ ಇಟ್ಟುಕೊಂಡು ನಿಂತಿದ್ದಳು. "ಹಸಿರಲ್ಲ, ಅದು ಆಸ್ಪತ್ರೆ ಹಸಿರು. ಹಸಿರು ಅಂತ ಬರೀ ಹಸಿರು ಇರುತ್ತಾ ಎಲ್ಲಾದ್ರೂ?"

ಪೇಂಟರ್ ಬಗ್ಗಿದವನು ಬಗ್ಗಿದಂತೆಯೇ ಉಳಿದ. ಟೀಚರ್ ಅವನಿಗೆ ಸುಮ್ಮನಿರುವಂತೆ ಕಣ್ಣಲ್ಲೇ ಸನ್ನೆ ಮಾಡಿ, ಮಕ್ಕಳ ಪುಟ್ಟ ಬೆಂಚಿನ ಮೇಲೆ ಮೆಲ್ಲಗೆ ಕೂತರು. "ಹೌದಾ? ನಂಗೆ ಗೊತ್ತೇ ಇರಲಿಲ್ಲ. ಹಾಗಾದ್ರೆ ಇದು ಯಾವುದಮ್ಮಾ?"

"ಬ್ಯಾಂಕ್ ನೀಲಿ. ಅದು ಪೊಲೀಸ್ ಸ್ಟೇಷನ್ ಕೆಂಪು, ಬೇಗ ಒಣಗುತ್ತೆ, ಮುಚ್ಚಳ ತೆಗೆದಿಡಬಾರ್ದು. ಇದು ಡಾಕ್ಟರಮ್ಮನ ಅಡುಗೆಮನೆ ಹಳದಿ. ಅವರಿಗೆ ಹಿಡಿಸಲಿಲ್ಲ, ಅಪ್ಪ ಎರಡು ಸಲ ಬಳೀಬೇಕಾಯ್ತು!"

ಕಟ್ಟೆ ಒಡೆದ ನೀರಿನಂತೆ ಮಾತು ಹರಿಯಿತು. ಮಕ್ಕಳು ಡಬ್ಬಿಗಳ ಸುತ್ತ ಮುತ್ತಿಕೊಂಡು ಇದು ಯಾವುದು, ಅದು ಯಾವುದು ಎಂದು ಕೇಳುತ್ತಿದ್ದರು. ಆಗ ನಗುತ್ತಿದ್ದವರೆಲ್ಲ ಈಗ ಕಿವಿ ನಿಮಿರಿಸಿ ಕೇಳುತ್ತಿದ್ದರು. ಟೀಚರ್ ಕೊನೆಯ ಡಬ್ಬಿಯನ್ನು ತೋರಿಸಿದರು. "ಈ ಗುಲಾಬಿ?"

ಪುಟ್ಟಿ ಅಪ್ಪನ ಮುಖ ನೋಡಿದಳು. ಆಮೇಲೆ ಮಾಸಿದ ಗೋಡೆಗಳನ್ನು, ಬೆಂಚುಗಳನ್ನು, ತನ್ನನ್ನೇ ನೋಡುತ್ತಿದ್ದ ಮಕ್ಕಳನ್ನು ನೋಡಿದಳು.

"ಇದು ನಮ್ಮ ಕ್ಲಾಸ್ ಗುಲಾಬಿ," ಎಂದಳು.

ಪೇಂಟರ್ ಗೋಡೆಯ ಕಡೆ ತಿರುಗಿ ಬಣ್ಣ ಮೆತ್ತಿದ ತೋಳಿನಿಂದ ಕಣ್ಣೊರೆಸಿಕೊಂಡ. ಯಾವ ಗೋಡೆ ಮುಗಿಸಿದಾಗಲೂ ಅವನಿಗೆ ಇಂಥ ಸಂತೋಷ ಆಗಿರಲಿಲ್ಲ.

ಮುಂದಿನ ರಜೆಯ ದಿನ ಆ ಕ್ಲಾಸಿನ ಗೋಡೆಗಳು ಗುಲಾಬಿಯಾದವು. ಏಣಿ ಹಿಡಿದುಕೊಂಡವನು ಸೆಲೂನಿನವನು. ಕ್ರೆಯಾನಿನ ಡಬ್ಬಿಯನ್ನೂ ಪೇಂಟರ್ ಕೊಂಡು ತಂದ, ಒಂದು ಚೂರೂ ಗೊಣಗದೆ.

ಕೆಲವು ವಾರ ಕಳೆದು ಶಾಲೆಯಿಂದ ಮತ್ತೆ ಕರೆ ಬಂತು. ಈ ಸಲ ಯಾವ ಫೀಸೋ ಎಂದು ಜೇಬು ತಡವಿಕೊಳ್ಳುತ್ತಲೇ ಅವನು ಹೋದ. ಟೀಚರ್ ಹಣೆ ಒತ್ತಿಕೊಳ್ಳುತ್ತಿದ್ದರು.

"ಬೆಳಿಗ್ಗೆಯಿಂದ ಸಂಜೆವರೆಗೂ ಇವಳದ್ದೇ ಮಾತು! ಪಾಠ ಮಾಡೋಕೆ ನಂಗೆ ಸರದಿ ಸಿಗ್ತಿಲ್ಲ. ಎರಡನೇ ಕ್ಲಾಸಿಗೆ ಕಳಿಸ್ತೀನಿ, ಅದರ ಯೋಚನೆ ಬಿಡಿ. ಸದ್ಯಕ್ಕೆ ಇವಳ ಬಾಯಿ ಮುಚ್ಚಿಸೋಕೆ ಏನಾದ್ರೂ ಮಾಡಿ."

ಪೇಂಟರ್ ಕೈ ಮುಗಿದ, ಮುಖದ ತುಂಬ ನಗು.

"ಅದೊಂದು ಕೇಳ್ಬೇಡಿ ಟೀಚರ್. ಬೇಕಾದ್ರೆ ಇನ್ನೊಂದು ಫೀಸು ಹೇಳಿ, ಈಗಲೇ ಕಟ್ಟಿಬಿಡ್ತೀನಿ."