ಇದನ್ನು ತೆಗೆಯಬೇಕು

ಪೆನ್ನಮ್ಮ ಎನ್ನುವುದು ಆಕೆಯ ಹೆಸರಲ್ಲ. ಮೂವತ್ತೆಂಟು ವರ್ಷ ಒಂದೇ ಮುದ್ರಣಾಲಯದಲ್ಲಿ ಕರಡು ತಿದ್ದಿ, ಕೆಂಪು ಪೆನ್ನನ್ನು ಕೈಯಿಂದ ಕೆಳಗಿಡದೆ, ಎಂತೆಂಥ ದೊಡ್ಡ ಲೇಖಕರ ಕಾಗುಣಿತದ ತಪ್ಪನ್ನೂ ಬಯಲಿಗೆಳೆದು ಸಂಪಾದಿಸಿದ ಬಿರುದು ಅದು. ಮೊದಮೊದಲು ಬೆನ್ನ ಹಿಂದೆ ಕರೆಯುತ್ತಿದ್ದರು, ಆಮೇಲೆ ಎದುರಿಗೇ ಕರೆಯತೊಡಗಿದರು, ಕೊನೆಗೆ ಒಡಹುಟ್ಟಿದ ತಂಗಿಯ ಬಾಯಲ್ಲೂ ಅದೇ ಬಂತು. ಆಕೆಗೂ ಒಳಗೊಳಗೇ ಹೆಮ್ಮೆ. ಒಮ್ಮೆ ಯಾವುದೋ ಸಂಘದ ಸ್ಮರಣ ಸಂಚಿಕೆಯಲ್ಲಿ ‘ಸಭೆಯ ಕೊನೆಗೆ ಅಧ್ಯಕ್ಷರನ್ನು ತೆಗೆಯಲಾಯಿತು’ ಎಂದು ಅಚ್ಚಾಗುವುದರಲ್ಲಿತ್ತು. ಬರೆದ ಪುಣ್ಯಾತ್ಮ ಹೇಳಹೊರಟಿದ್ದು ಫೋಟೋ ವಿಷಯ. ಪೆನ್ನಮ್ಮ ‘ಅಧ್ಯಕ್ಷರ ಚಿತ್ರವನ್ನು’ ಎಂದು ತಿದ್ದಿ ಆ ಮನುಷ್ಯನ ಕುರ್ಚಿ ಉಳಿಸಿದಳು. ಈ ಕಥೆಯನ್ನು ಆಕೆ ಕಡಿಮೆಯೆಂದರೂ ಇನ್ನೂರು ಸಲ ಹೇಳಿದ್ದಾಳೆ. ಈಚೆಗೆ ಹೇಳುವುದನ್ನು ಬಿಟ್ಟಿದ್ದಾಳೆ.

ನಿವೃತ್ತಿಯಾದ ಮೇಲೆ ಔಷಧಿ ಡಬ್ಬಿ, ಬಸ್ಸಿನ ಬೋರ್ಡು, ಮದುವೆ ಕಾಗದ ಒಂದನ್ನೂ ಬಿಡದೆ ತಿದ್ದತೊಡಗಿದಾಗ ತಂಗಿಗೆ ತಲೆ ಕೆಟ್ಟುಹೋಯಿತು.

“ಅಕ್ಕಾ, ಇವತ್ತು ನನ್ನ ಸಾಮಾನಿನ ಚೀಟಿಗೂ ಕೆಂಪು ಗೆರೆ ಎಳೆದಿದ್ದೀಯ. ನಾಳೆ ನನಗೇ ಎಳೀತೀಯ. ನಿನಗೆ ಏನೇನೂ ಗೊತ್ತಿಲ್ಲದೇ ಇರೋದು ಯಾವುದಾದ್ರೂ ಇದ್ರೆ ಹೋಗಿ ಕಲಿ, ಮಾರಾಯ್ತಿ. ಸ್ವಲ್ಪ ದಿನ ತಪ್ಪು ಮಾಡೋದು ನೀನಾಗು.”

ಹೀಗೆ ಹೇಳಿ ಸುಮ್ಮನಾಗುವವಳಲ್ಲ ತಂಗಿ. ಹಳೇ ತೋಟದಲ್ಲಿ ಹೊಸಬರಿಗೆಂದು ನಡೆಯುವ ಚಿತ್ರ ಮತ್ತು ಫೋಟೋ ತರಗತಿಗೆ ಇಬ್ಬರ ಹೆಸರನ್ನೂ ಬರೆಸಿ ಬಂದಳು. ಪ್ರತಿ ಶನಿವಾರ ಬೆಳಿಗ್ಗೆ ಒಂಬತ್ತಕ್ಕೆ, ಎಂಟು ವಾರ.

ಆ ತೋಟಕ್ಕೆ ಮುನ್ನೂರು ವರ್ಷ. ಯಾರೋ ಸಿರಿವಂತ ಕಟ್ಟಿಸಿದ ಎತ್ತರದ ಇಟ್ಟಿಗೆ ಗೋಡೆ, ಒಳಗೆ ನಾಲ್ಕು ಚೌಕ, ನಡುವೆ ನೀರು ನಿಂತುಹೋದ ಕಾರಂಜಿ, ಒಂದು ಸೂರ್ಯಗಡಿಯಾರ, ಕೂತು ಕೂತು ಸವೆದ ಕಲ್ಲುಬೆಂಚು. ಮೂಲೆಯಲ್ಲಿ ಉದ್ದನೆಯ ಗಾಜಿನ ಮನೆ. ಚಳಿ ತಡೆಯದ ಗಿಡಗಳನ್ನು ಇಡುತ್ತಿದ್ದ ಜಾಗದಲ್ಲಿ ಈಗ ಹನ್ನೆರಡು ಸ್ಟೂಲು, ಹನ್ನೆರಡು ಹಲಗೆ. ಮೊದಲ ಗಂಟೆ ಪೆನ್ಸಿಲ್ಲು, ಎರಡನೆಯ ಗಂಟೆ ಕ್ಯಾಮೆರಾ. ಕಲಿಸುವ ಮೇಷ್ಟ್ರು ತೆಳ್ಳಗೆ, ಮೃದುವಾಗಿ, ಯಾರನ್ನೂ ಬೈಯದವರು. “ಗೊತ್ತಿರೋದನ್ನ ಬರೀಬೇಡಿ, ಕಾಣ್ಸೋದನ್ನ ಬರೀರಿ” ಎನ್ನುವುದೊಂದೇ ಅವರ ಮಂತ್ರ.

ಪೆನ್ನಮ್ಮನಿಗೆ ಕಂಡಿದ್ದು ಅಂಜೂರದ ಮರ. ಸಲಕರಣೆ ಕೋಣೆಯ ಪಕ್ಕದ ಗೋಡೆಗೆ ಬೆನ್ನು ಕೊಟ್ಟು, ಬೀಸಣಿಗೆ ಬಿಚ್ಚಿದ ಹಾಗೆ ಹರಡಿಕೊಂಡಿತ್ತು. ಆಕೆ ಒಂದು ಗಂಟೆ ಕಣ್ಣು ಕಿರಿದು ಮಾಡಿ ಗೀಚಿದಳು. ಹಿಂದೆ ಯಾರೋ ಬಂದು ನಿಂತಂತಾಯಿತು.

“ಪೊರಕೆ ಚೆನ್ನಾಗಿದೆ. ನನ್ನ ಮರ ಎಲ್ಲಿ?”

ದೊಡ್ಡ ಮಾಲಿ. ನಲವತ್ತೆರಡು ವರ್ಷದಿಂದ ಈ ತೋಟದಲ್ಲಿರುವ ಮುದುಕ. ತಂಗಿ ಕಿಸಕ್ಕೆಂದಳು. ಪೆನ್ನಮ್ಮನನ್ನು ಯಾರಾದರೂ ತಿದ್ದಿ ಎಷ್ಟು ಕಾಲವಾಗಿತ್ತೋ, ಕೆನ್ನೆ ಬಿಸಿಯಾಯಿತು, ಆದರೂ ಹಿತವೆನಿಸಿತು. ಮುದುಕ ಅವಳನ್ನು ಮರದ ಹತ್ತಿರ ಕರೆದೊಯ್ದ. ಕೊಂಬೆಗಳನ್ನು ಅವನು ಕೈ ಎನ್ನುತ್ತಿದ್ದ. ಹನ್ನೊಂದು ಕೈ. ಏಳು ಅವನ ಗುರುವಿನ ಕಾಲದವು, ನಾಲ್ಕು ಅವನೇ ಗೋಡೆಗೆ ಕಟ್ಟಿ, ಬಾಗಿಸಿ, ಮಾತು ಕೇಳುವಂತೆ ಮಾಡಿದವು.

“ಬಲಗಡೆ ಕೆಳಗಿಂದು ನೋಡಿ, ಹದಿನಾರು ವರ್ಷ ಹಠ ಮಾಡ್ತು. ನನ್ನ ಮಗಳೂ ಅಷ್ಟು ಹಠ ಮಾಡ್ಲಿಲ್ಲ.”

“ನಿಮ್ಮ ಮುಂದಿನವರಿಗೆ ಕಲಿಸಿದ್ದೀರಾ?”

“ಕಲಿಸ್ತಿದ್ದೀನಿ. ಬೆಂಕಿಯಂಥ ಕೆಲಸಗಾತಿ. ನಿಧಾನ ಅನ್ನೋದು ಮಾತ್ರ ಗೊತ್ತಿಲ್ಲ.”

ಅವನು ತೋರಿಸಿದ್ದು ತಳ್ಳುಗಾಡಿಯನ್ನು ಓಡಿಸಿಕೊಂಡೇ ಹೋಗುತ್ತಿದ್ದ ಹೆಂಗಸನ್ನು. ಮೂವತ್ತೈದರ ಆಸುಪಾಸು, ಮನೆಯಲ್ಲಿ ಇಬ್ಬರು ಮಕ್ಕಳು, ವರ್ಷ ವರ್ಷ ಮುಂದುವರಿಸುವ ತಾತ್ಕಾಲಿಕ ಕೆಲಸ. ಮುದುಕ ಅವಳಿಗಿಟ್ಟ ಹೆಸರು ಗಡಿಬಿಡಿ. ಈ ಸಲ ಕಚೇರಿಯವರು ಅವಳನ್ನು ಕಾಯಂ ಮಾಡುತ್ತಾರೆ, ತಾನೇ ಹೇಳಿ ಮಾಡಿಸುತ್ತೇನೆ ಎಂದು ಅವನು ಮಗಳ ಮದುವೆ ಗೊತ್ತಾದವನಂತೆ ಸಂಭ್ರಮದಲ್ಲಿದ್ದ.

ಎರಡು ವಾರದಲ್ಲಿ ತರಗತಿಯವರಿಗೆಲ್ಲ ಅವರದೇ ಒಂದು ಭಾಷೆ ಬಂದುಬಿಟ್ಟಿತು. ಪ್ರತಿ ಸಲ ‘ಫೋಟೋ’ ಎಂದು ಹೇಳುವ ತಾಳ್ಮೆ ಯಾರಿಗಿತ್ತು! “ನಾನು ಕಾರಂಜಿ ತೆಗೆದೆ, ನೀವು?” “ನಾನು ಬೆಂಚು ತೆಗೆದೆ, ಗೇಟು ತೆಗೀಬೇಕು.” ಮೊದಲ ದಿನ ಮೂಗು ಮುರಿದಿದ್ದ ಪೆನ್ನಮ್ಮ ಮೂರನೆಯ ವಾರ ತಾನೂ “ಅಂಜೂರ ತೆಗೆದೆ” ಎಂದಳು.

ನಾಲ್ಕನೆಯ ವಾರಕ್ಕೆ ಮೇಷ್ಟ್ರು ಒಂದು ಆಟ ಹೂಡಿದರು. ತೋಟದಲ್ಲಿ ಎಂಟು ಜಾಗಕ್ಕೆ ಚೀಟಿ ಕಟ್ಟಿಡುವುದು, ಎಲ್ಲರೂ ಹುಡುಕಿಕೊಂಡು ಹೋಗಿ ಆ ಎಂಟನ್ನೂ ಸೆರೆಹಿಡಿಯುವುದು. ಅಕ್ಷರ ದುಂಡಗಿದೆಯೆಂದು ಕೆಲಸ ಪೆನ್ನಮ್ಮನ ಪಾಲಿಗೆ ಬಂತು. “ಒಂದರಿಂದ ಎಂಟು ನಂಬರ್ ಹಾಕಿದ್ರೆ ಸಾಕಮ್ಮಾ” ಎಂದಿದ್ದರು ಮೇಷ್ಟ್ರು. ಬರೀ ಅಂಕಿ ಹಾಕಿದರೆ ಓದುವವನಿಗೆ ಏನು ತಿಳಿಯಬೇಕು? ಕರಡು ತಿದ್ದುವವರ ಜಾತಿಯೇ ಅಂಥದ್ದು, ಅರ್ಧ ವಾಕ್ಯವನ್ನು ನೋಡಿಕೊಂಡು ಸುಮ್ಮನಿರಲಾರರು. ಬಿಳಿ ರಟ್ಟಿನ ಎಂಟು ಚೀಟಿಗಳ ಮೇಲೂ ಅಂಕಿ, ಅದರ ಕೆಳಗೆ ದುಂಡಗೆ, ಪೂರ್ಣವಿರಾಮದ ಸಮೇತ, ‘ಇದನ್ನು ತೆಗೆಯಬೇಕು.’ ಶುಕ್ರವಾರ ಸಂಜೆ ಒಬ್ಬಳೇ ಹೋಗಿ ಕಟ್ಟಿಬಂದಳು. ಒಂದನೆಯದನ್ನು ಅಂಜೂರಕ್ಕೆ ಕಟ್ಟಿದಳು, ಎಲ್ಲರೂ ಮೊದಲು ಅದನ್ನೇ ನೋಡಲಿ ಎಂದು.

ಅದೇ ವಾರ ಕಚೇರಿಯವರು ರೋಗ ಬಿದ್ದ ಗಿಡಗಳಿಗೆ, ಕಡಿಯಲೆಂದು, ಇಂಥದೇ ಬಿಳಿ ಚೀಟಿ ಕಟ್ಟಿಸುತ್ತಿದ್ದದ್ದು ಆಕೆಗೆ ಗೊತ್ತಿರಲಿಲ್ಲ. ದೊಡ್ಡ ಮಾಲಿ ಕಣ್ಣಿನ ಆಪರೇಷನ್ನಿಗೆಂದು ಮೂರು ದಿನ ರಜೆ ಹಾಕಿದ್ದ. ಚೀಟಿ ಇರುವುದನ್ನೆಲ್ಲ ಶನಿವಾರ ಜನ ಬರುವ ಮುಂಚೆ ಮುಗಿಸಿಬಿಡು ಎಂದು ಗಡಿಬಿಡಿಗೆ ಅಪ್ಪಣೆಯಾಗಿತ್ತು.

ಶನಿವಾರ ಎಂಟೂವರೆಗೇ ಪೆನ್ನಮ್ಮ ಬಂದಳು, ಗಾಳಿಗೆ ಚೀಟಿಗಳೇನಾದರೂ ಬಿದ್ದಿವೆಯೋ ನೋಡೋಣವೆಂದು. ಸಲಕರಣೆ ಕೋಣೆಯ ಮಗ್ಗುಲು ತಿರುಗಿದವಳು ಗೋಡೆ ನೋಡಿದಳು. ಬರೀ ಗೋಡೆ. ಇಟ್ಟಿಗೆಯ ಮೇಲೆ ಹನ್ನೊಂದು ಕೈಗಳ ಮಾಸಲು ಗುರುತು, ನೆಲದಲ್ಲಿ ಹಸಿ ಬುಡ. ಕೊಂಬೆಗಳೆಲ್ಲ ಆಗಲೇ ಯಂತ್ರಕ್ಕೆ ಹೋಗಿ ಪುಡಿಯಾಗಿದ್ದವು, ಅವುಗಳ ಜೊತೆಗೆ ಚೀಟಿಯೂ.

ಒಂದು ಕ್ಷಣವೂ ಬೇಕಾಗಲಿಲ್ಲ ಅರ್ಥವಾಗಲಿಕ್ಕೆ. ಇನ್ನೂರು ಸಲ ಹೇಳಿದ ಕಥೆ ತನ್ನದೇ ಬಾಯಲ್ಲಿ ಮತ್ತೊಮ್ಮೆ ಕೇಳಿಸಿದಂತಾಯಿತು. ಆಮೇಲೆ ಅವಳ ಕಾಲು ಮಾಡಿದ್ದನ್ನು ಅವಳ ಬುದ್ಧಿ ಮಾಡಿಸಿತೋ ಭಯ ಮಾಡಿಸಿತೋ, ದೇವರೇ ಬಲ್ಲ. ಬೆಂಚು, ಕಾರಂಜಿ, ಗಡಿಯಾರ, ಗೇಟು ಎಂದು ಸರಸರ ತಿರುಗಿ ಉಳಿದ ಏಳೂ ಚೀಟಿಗಳನ್ನು ಬಿಚ್ಚಿ ಕೈಚೀಲಕ್ಕೆ ತುರುಕಿದಳು.

ಗಡಿಬಿಡಿ ಹಣೆಯ ಬೆವರು ಒರೆಸಿಕೊಳ್ಳುತ್ತ ಎದುರಾದಳು. ಮುಖದ ತುಂಬ ನಗು.

“ನೋಡಿದ್ರಾ ಅಮ್ಮ, ಒಬ್ಬಳೇ ತೆಗೆದೆ! ಇಬ್ಬರು ಗಂಡಸರ ಕೆಲಸ. ಅಜ್ಜ ಬಂದು ನೋಡಿದ್ರೆ ಬಾಯಿ ಬಿಡಬೇಕು. ಪಾಪ, ಅವರ ಕೈಯಾರೆ ಕಡಿಯೋಕೆ ಅವರಿಗೆ ಮನಸ್ಸು ಬರ್ತಿರಲಿಲ್ಲ.”

ಪೆನ್ನಮ್ಮ ಕೈಚೀಲದ ಬಾಯಿ ಮುಚ್ಚಿಕೊಂಡಳು. ಹೂಂ ಎಂದಳು.

ಹತ್ತು ಗಂಟೆಗೆ ಕಚೇರಿಯ ಮೇಲ್ವಿಚಾರಕ ಬಂದ. ಅಂಜೂರ ಪಟ್ಟಿಯಲ್ಲೇ ಇರಲಿಲ್ಲ. ಕೂಗಾಟ ಶುರುವಾಯಿತು. ಚೀಟಿ ಇತ್ತು ಎಂದಳು ಗಡಿಬಿಡಿ. ಎಲ್ಲಿ? ಮರದ ಜೊತೆಗೆ ಹೋಯಿತು. ಚೀಟಿ ಬೆಂಚಿಗೂ ಇತ್ತು, ಗಡಿಯಾರಕ್ಕೂ ಇತ್ತು, ಕಲ್ಲಿನದ್ದು ಒಬ್ಬಳಿಂದ ಆಗದೆಂದು ಬಿಟ್ಟೆ, ಬನ್ನಿ ತೋರಿಸುತ್ತೇನೆ ಎಂದು ಎಲ್ಲರನ್ನೂ ಎಳೆದುಕೊಂಡು ಹೊರಟಳು. ಬೆಂಚಿಗೆ ಇರಲಿಲ್ಲ. ಗಡಿಯಾರಕ್ಕೆ ಇರಲಿಲ್ಲ. ಕಾರಂಜಿಯ ಸುತ್ತ ಎರಡು ಸುತ್ತು ಹಾಕಿದಳು. ಆ ಹೆಂಗಸಿನ ಮುಖ ಸಣ್ಣಗಾಗುತ್ತ ಹೋದದ್ದನ್ನು ಪೆನ್ನಮ್ಮ ಕಣ್ಣಾರೆ ನೋಡಿದಳು. ಕೈಚೀಲವನ್ನು ಎದೆಗೊತ್ತಿಕೊಂಡು ನಿಂತೇ ಇದ್ದಳು.

ಮೇಷ್ಟ್ರು ಹತ್ತಿರ ಬಂದು ಮೆಲ್ಲಗೆ ಕೇಳಿದರು. “ನೀವು ನಿನ್ನೆ ಚೀಟಿ ಕಟ್ಟಿದ್ರಾ?”

“ಇಲ್ಲ ಸಾರ್. ಮರೆತುಬಿಟ್ಟೆ.”

ಎರಡೇ ಮಾತು. ಮೂವತ್ತೆಂಟು ವರ್ಷದಲ್ಲಿ ಒಂದು ದಿನವೂ ಏನನ್ನೂ ಮರೆಯದವಳು ಹೀಗೆಂದಾಗ ತಂಗಿ ತಿರುಗಿ ನೋಡಿದಳು.

ಮುಂದಿನ ಶನಿವಾರ ಹೇಳಿಬಿಡಬೇಕು ಎಂದುಕೊಂಡಳು. ಮನೆಯಲ್ಲಿ ವಾಕ್ಯವನ್ನೂ ಸಿದ್ಧಮಾಡಿಕೊಂಡಿದ್ದಳು. ‘ನನ್ನಿಂದ ತಪ್ಪಾಗಿದೆ’ ಎನ್ನಬೇಕೋ ‘ನಾನು ತಪ್ಪು ಮಾಡಿದೆ’ ಎನ್ನಬೇಕೋ ಎಂದು ಅದನ್ನೇ ತಿದ್ದುತ್ತ ಕೂತಳು, ಥೂ, ಅಷ್ಟರಲ್ಲಿ ವಾರ ಕಳೆಯಿತು. ತೋಟಕ್ಕೆ ಹೋದರೆ ದೊಡ್ಡ ಮಾಲಿ ಕಪ್ಪು ಕನ್ನಡಕ ಹಾಕಿಕೊಂಡು ಗೋಡೆಯ ಎದುರು ಬಕೆಟ್ ಬೋರಲು ಹಾಕಿ ಕೂತಿದ್ದ. ಆಕೆ ಬೇರೆ ದಾರಿಯಲ್ಲಿ ಸುತ್ತಿಕೊಂಡು ಗಾಜಿನ ಮನೆಗೆ ಹೋದಳು. ಆರನೆಯ ವಾರ ಗಡಿಬಿಡಿ ಕಾಣಲಿಲ್ಲ. ಕೆಲಸದಿಂದ ಬಿಡಿಸಿದರು ಎಂದು ಟಿಕೆಟ್ ಕೊಡುವವಳು ಹೇಳಿದಳು. ಮರ ಕಡಿದದ್ದಕ್ಕಲ್ಲ, ಸುಳ್ಳು ಹೇಳಿದ್ದಕ್ಕೆ. ಏಳನೆಯ ವಾರ ಪೆನ್ನಮ್ಮ ತಲೆನೋವೆಂದು ಮಲಗಿದಳು.

ತಂಗಿ ಹಾಸಿಗೆಯ ಅಂಚಿಗೆ ಬಂದು ಕೂತಳು. “ಅಕ್ಕಾ, ಚೀಟಿ ನೀನು ಕಟ್ಟಿದ್ದೆ ಅಲ್ವಾ?”

ಪೆನ್ನಮ್ಮ ಗೋಡೆಯ ಕಡೆ ಹೊರಳಿದಳು.

“ನಾನು ಯಾರಿಗೂ ಹೇಳಲ್ಲ. ಆದ್ರೆ ಒಂದು ಮಾತು ಹೇಳ್ತೀನಿ, ಬೇಜಾರು ಮಾಡ್ಕೋಬೇಡ. ಊರವರ ತಪ್ಪನ್ನೆಲ್ಲ ಎತ್ತಿ ತೋರಿಸೋವಾಗ ನಿನಗೆ ಎಷ್ಟು ಧೈರ್ಯ ಇತ್ತು!”

ಆಕೆ ಅತ್ತಳು. ಮರಕ್ಕಾಗಿ ಅತ್ತಳೋ, ಆ ಹೆಂಗಸಿಗಾಗಿಯೋ, ಅಥವಾ ತನ್ನ ಒಳ್ಳೆಯ ಹೆಸರಿಗಾಗಿಯೋ ಎಂದು ಕೇಳಿದರೆ ಆಗ ನಿಜ ಹೇಳಲಾಗುತ್ತಿರಲಿಲ್ಲ. ಹೆಚ್ಚಿನ ಪಾಲು ಹೆಸರಿಗಾಗಿಯೇ.

ಎಂಟನೆಯ ಶನಿವಾರ ಗಾಜಿನ ಮನೆಯಲ್ಲಿ ಎಲ್ಲರ ಚಿತ್ರಗಳನ್ನೂ ತೂಗುಹಾಕಿದ್ದರು. ಪೆನ್ನಮ್ಮ ಅಲ್ಲಿಗೆ ಹೋಗಲೇ ಇಲ್ಲ. ನೆಟ್ಟಗೆ ಕಚೇರಿಗೆ ಹೋಗಿ ಮೇಲ್ವಿಚಾರಕನ ಎದುರು ನಿಂತು, ನಾನು ಮಾಡಿದ್ದು ಎಂದಳು. ಅವನು ಕಾಗದದಿಂದ ತಲೆಯೆತ್ತಿ, ಆ ಜಾಗಕ್ಕೆ ಹೊಸಬರು ಬಂದು ಹದಿನೈದು ದಿನವಾಯಿತಲ್ಲಮ್ಮ, ಈಗ ಏನು ಮಾಡಲಿ, ಬರೆದುಕೊಡಿ ಎಂದ. ಬರೆದುಕೊಟ್ಟಳು. ಆಮೇಲೆ ಗೋಡೆಯ ಹತ್ತಿರ ಹೋದಳು.

ದೊಡ್ಡ ಮಾಲಿ ಮಾತಿನ ನಡುವೆ ಬಾಯಿ ಹಾಕದೆ ಪೂರ್ತಿ ಕೇಳಿಸಿಕೊಂಡ. ಬಿಚ್ಚಿದ ಏಳು ಚೀಟಿಗಳ ವಿಷಯವನ್ನೂ ಆಕೆ ಬಿಡಲಿಲ್ಲ. ಅವನು ಸಿಟ್ಟಾಗುತ್ತಾನೆ, ಬೈಯುತ್ತಾನೆ, ಬೈಯಲಿ ಎಂದು ಕಾದಳು. ಅವನು ಕನ್ನಡಕ ತೆಗೆದು ಬಟ್ಟೆಯಲ್ಲಿ ಒರೆಸಿದ.

“ಮರ ಬುಡದಿಂದ ಚಿಗುರುತ್ತೆ ಬಿಡಿ. ಅಂಜೂರ ಸಾಯಲ್ಲ. ಕೈ ಮೂಡಿಸೋಕೆ ನನಗೆ ಆಯಸ್ಸಿಲ್ಲ, ಅಷ್ಟೇ.” ಕನ್ನಡಕವನ್ನು ಮತ್ತೆ ಏರಿಸಿಕೊಂಡ. “ಆ ಹುಡುಗಿ ಚೀಟಿ ಇತ್ತು ಅಜ್ಜ, ಚೀಟಿ ಇತ್ತು ಅಂತ ನನ್ನ ಕೈ ಹಿಡ್ಕೊಂಡು ಅತ್ತಳು. ನಾನು ಕೈ ಕೊಡವಿಬಿಟ್ಟೆ. ಕೆಟ್ಟದ್ದು ಮಾಡಿದ್ದಲ್ದೆ ಸುಳ್ಳೂ ಹೇಳ್ತೀಯಲ್ಲ, ಮುಖ ತೋರಿಸಬೇಡ ಅಂದೆ. ಕಚೇರಿಯವರು ಇಟ್ಕೋತಿದ್ರೋ ಏನೋ. ಬೇಡ ಅಂದಿದ್ದು ನಾನು.”

ಪೆನ್ನಮ್ಮನಿಗೆ ಇದು ಗೊತ್ತಿರಲಿಲ್ಲ. ತನ್ನ ಎದೆಯ ಮೇಲಿನ ಕಲ್ಲನ್ನು ಇಳಿಸಲು ಬಂದವಳು ಅದನ್ನು ಈ ಮುದುಕನ ಎದೆಯ ಮೇಲಿಟ್ಟಿದ್ದಳು. ನಾಲ್ಕು ವಾರದ ಹಿಂದೆ ಒಂದು ಮಾತು ಆಡಿದ್ದರೆ ಅವನು ಆ ಕೈಯನ್ನು ಕೊಡವುತ್ತಿರಲಿಲ್ಲ.

ಮುದುಕ ಎದ್ದು ಕೈಗೆ ಮೆತ್ತಿದ್ದ ಮಣ್ಣು ತೊಳೆದ, ಅಂಗಿಯ ಗುಂಡಿ ಹಾಕಿಕೊಂಡ.

“ಅವಳ ಮನೆಗಾ? ನಾನೂ ಬರ್ತೀನಿ” ಎಂದಳು ಪೆನ್ನಮ್ಮ.

“ಬೇಡ. ನೀವು ಬಂದ್ರೆ ನಿಮ್ಮ ತಪ್ಪು ಹೇಳ್ಕೋತೀರಿ. ಆಗ ನನ್ನ ತಪ್ಪು ಹೇಳೋಕೆ ಜಾಗ ಇರಲ್ಲ. ಇವತ್ತು ನಾನು ಹೋಗ್ತೀನಿ. ನೀವು ನಾಳೆ ಹೋಗಿ.”

ಮರುದಿನ ಪೆನ್ನಮ್ಮ ಎರಡು ಬಸ್ಸು ಬದಲಾಯಿಸಿ, ಮೂರು ಮಹಡಿ ಹತ್ತಿ, ಬಾಗಿಲು ತಟ್ಟಿದಳು. ಗಡಿಬಿಡಿ ತೆರೆದಳು. ಹೋಟೆಲೊಂದರ ಬಟ್ಟೆ ಒಗೆಯುವ ಕೆಲಸ ಹಿಡಿದಿದ್ದಳು. ಬೆರಳುಗಳು ಬೆಳ್ಳಗೆ ಸುಕ್ಕಾಗಿದ್ದವು. ಒಳಗೆ ಮಕ್ಕಳು ಯಾವುದಕ್ಕೋ ಜಗಳವಾಡುತ್ತಿದ್ದರು. ಇಷ್ಟು ನಿಧಾನವಾಗಿ ಅವಳು ಯಾರನ್ನಾದರೂ ನೋಡಿದ್ದು ಪೆನ್ನಮ್ಮನಿಗೆ ನೆನಪಿರಲಿಲ್ಲ.

“ನಾನು ತಪ್ಪು ಮಾಡಿದೆ” ಎಂದಳು ಪೆನ್ನಮ್ಮ. ಸಿದ್ಧಮಾಡಿಕೊಂಡಿದ್ದ ಉಳಿದ ವಾಕ್ಯಗಳನ್ನು ಬಿಟ್ಟಳು.

“ಗೊತ್ತಾಯ್ತು. ಅಜ್ಜ ಬಂದಿದ್ರು. ಇಲ್ಲೇ ಕೂತು ಮಗು ಥರ ಅತ್ತರು. ಹೋಗೋವಾಗ, ಆ ಅಮ್ಮ ನಾಳೆ ಬರ್ತಾರೆ, ವಯಸ್ಸಾಗಿದೆ, ಬೈಬೇಡ ಅಂದ್ರು.” ಅವಳು ಬಾಗಿಲ ಚಿಲಕ ಹಿಡಿದುಕೊಂಡಳು. “ಇಷ್ಟು ದಿನ ಯಾರನ್ನ ಬೈಯೋದು ಅಂತ ಗೊತ್ತಾಗದೆ ನನ್ನನ್ನೇ ಬೈಕೊಂಡೆ. ಚೀಟಿ ನಿಜವಾಗ್ಲೂ ನೋಡಿದ್ನಾ, ಇಲ್ಲಾ ನನಗೇ ಹುಚ್ಚಾ ಅಂತ. ಕೊನೆಗೆ ಬೈಯೋಕೆ ಒಬ್ಬರು ಸಿಕ್ಕಿದ್ರೆ, ಬೈಬೇಡ ಅಂತೆ!”

“ಬೈಯಮ್ಮ. ಅದಕ್ಕೇ ಬಂದಿದ್ದೀನಿ.”

ಗಡಿಬಿಡಿ ಮೆಟ್ಟಿಲ ಕಡೆ ಒಮ್ಮೆ ನೋಡಿದಳು, ಎದುರು ಮನೆಯ ಬಾಗಿಲ ಕಡೆ ಒಮ್ಮೆ ನೋಡಿದಳು. ಆಮೇಲೆ ಪಕ್ಕಕ್ಕೆ ಸರಿದು ದಾರಿ ಬಿಟ್ಟಳು.

“ಒಳಗೆ ಬನ್ನಿ. ಇಲ್ಲೇ ನಿಲ್ಲಿಸಿ ಬೈದ್ರೆ ಎದುರು ಮನೆಯವರು ಕೇಳಿಸ್ಕೋತಾರೆ, ನಿಮ್ಮ ಮರ್ಯಾದೆ ಹೋಗುತ್ತೆ.”

ಪೆನ್ನಮ್ಮ ತಲೆ ತಗ್ಗಿಸಿ ಒಳಗೆ ಹೋದಳು.